ಗೆರೆ ಕೂರುವ ತನಕ

ಅವರು ಕುಳಿತದ್ದನ್ನು ನಾನು ನೋಡಿದ್ದು ಎರಡೇ ಸಲ.

ಎರಡು ವರ್ಷ ಒಂದೇ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡಿದವನು ಹೀಗೆ ಬರೆದರೆ ಯಾರೂ ನಂಬಲಿಕ್ಕಿಲ್ಲ. ದಿಲ್ಲಿಯ ಧೌಲಾ ಕುವಾಂನಿಂದ ಮಾನೇಸರ್‌ಗೆ ಕಂಪನಿಯ ಬಸ್ಸಿನಲ್ಲಿ ದಿನಾ ಒಟ್ಟಿಗೇ ಹೋಗಿಬರುತ್ತಿದ್ದಿರಲ್ಲ, ಬಸ್ಸಿನಲ್ಲೂ ನಿಂತೇ ಇರುತ್ತಿದ್ದರೇ ಎಂದು ನನ್ನ ಹೆಂಡತಿಯೇ ಕೇಳಿದಳು. ಸೀಟಿನಲ್ಲಿ ಇರುತ್ತಿದ್ದರು, ನಿಜ. ಆದರೆ ಬ್ಯಾಗು ತೊಡೆಯ ಮೇಲೆ, ಕೈ ಮುಂದಿನ ಸೀಟಿನ ಕಂಬಿಯ ಮೇಲೆ, ಹಿಮ್ಮಡಿ ನೆಲಕ್ಕೆ ತಾಕದೆ, ಇನ್ನೇನು ಇಳಿದುಬಿಡಬೇಕು ಎನ್ನುವ ಹಾಗೆ. ಆಗ ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಬಸ್ಸು ಧೂಳಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಎದ್ದು ಡ್ರೈವರ್ ಪಕ್ಕಕ್ಕೆ ಹೋಗಿ, "ಚಲೋ ಭಯ್ಯಾ, ಬಾಯೇಂ ಸೇ ನಿಕಾಲೋ" ಎಂದು ಎಡಗಡೆಯ ಸಂದು ತೋರಿಸುತ್ತಿದ್ದರು. ಅದನ್ನೆಲ್ಲ ಕೂರುವುದು ಎಂದು ನಾನು ಎಣಿಸುವುದಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಅವತ್ತಿನಿಂದ ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದಿದ್ದೇನೆ. ಅಲ್ಲಿ ನೋಡುವುದಕ್ಕೆ ಮೆಟ್ರೋದವರು ಅಗೆದು ಬಿಟ್ಟ ಗುಂಡಿ ಬಿಟ್ಟರೆ ಬೇರೇನೂ ಇಲ್ಲ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ಹೆಸರು ಸಹಿ ಹಾಕೋ ಜಾಗದಲ್ಲಿ ಇದ್ರೆ ಸಾಕು, ಮಿಕ್ಕ ಕಡೆ ಯಾಕೋ?" ಎಂದು ಬೈಯುತ್ತಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ನಾನು ಎಂಎಸ್ಸಿ ಮುಗಿಸಿ ಮುನಿರ್ಕಾದಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ಕೋಣೆ ಹಿಡಿದಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನ ಬಸ್ಸಿನಲ್ಲಿ ಕೂತಿದ್ದಾಗ ಹಿಂದಿನ ಸೀಟಿನಿಂದ ಯಾರೋ ಮೂಗೆಳೆದು ವಾಸನೆ ನೋಡಿದ ಸದ್ದಾಯಿತು. ತಿರುಗಿದೆ. ಐವತ್ತರ ಆಸುಪಾಸಿನ ಹೆಂಗಸು, ಹತ್ತಿ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ.

"ಕೇರಳ? ಕರ್ನಾಟಕ?" ಎಂದು ಕೇಳಿದರು.

"ತಿಪಟೂರು" ಎಂದೆ.

"ಅಚ್ಛಾ! ಕೊಬ್ಬರಿ ಊರಿನವನು. ಅದಕ್ಕೇ ತೆಂಗಿನೆಣ್ಣೆ. ಆದ್ರೆ ಇದು ಬರೀ ಎಣ್ಣೆ ಅಲ್ವಲ್ಲೋ, ದೇವರ ಮನೆ ವಾಸ್ನೆ ಬರ್ತಿದೆ."

"ಅಮ್ಮ ಕರ್ಪೂರ ಹಾಕಿ ಕಾಯಿಸಿ ಕೊಡ್ತಾರೆ ಮೇಡಂ. ದಿಲ್ಲಿ ಚಳಿಗೆ ನೆಗಡಿ ಆಗಬಾರದು ಅಂತ."

"ನಂದು ಕರೋಲ್ ಬಾಗ್ ಅಂಗಡಿ ಬಾಟ್ಲಿ ಎಣ್ಣೆ ಕಣಪ್ಪ. ನಿನ್ನಷ್ಟು ಭಕ್ತಿ ಇಲ್ಲ" ಎಂದು ನಕ್ಕರು. ಅವರದು ಮೈಸೂರು. ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ನನ್ನ ಹೆಸರು ಏನೆಂದು ಅವರು ಅವತ್ತು ಕೇಳಲಿಲ್ಲ. ಆಮೇಲೂ ಅದರ ಅಗತ್ಯ ಬೀಳಲಿಲ್ಲ, ನಾನು ಅವರ ಪಾಲಿಗೆ "ತಿಪಟೂರು" ಆಗಿಬಿಟ್ಟೆ.

ನಮ್ಮದು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಲ್ಯಾಬು. ರಬ್ಬರು, ಪ್ಲಾಸ್ಟಿಕ್ಕು, ಬಣ್ಣ, ಅಂಟು ಏನೇ ಬರಲಿ, ಅದರೊಳಗೆ ಏನೇನಿದೆ ಎಂದು ಹೇಳುವುದು ನಮ್ಮ ಕೆಲಸ. ಯಂತ್ರಗಳಿಗೆ ಉದ್ದುದ್ದ ಹೆಸರುಗಳಿದ್ದವು. ಮೇಡಂ ಅವನ್ನು ಮನೆಯ ಮಕ್ಕಳ ಹಾಗೆ ಕರೆಯುತ್ತಿದ್ದರು. ಮಾಲನ್ನು ನಿಧಾನ ಕಾಯಿಸುತ್ತ ಯಾವ ಶಾಖದಲ್ಲಿ ಎಷ್ಟು ತೂಕ ಇಳಿಯಿತು ಎಂದು ಬರೆಯುವ ಯಂತ್ರ "ಸುಡೋನು". ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಯಾವ ಜಾತಿಯ ವಸ್ತು ಎಂದು ಗುರುತಿಸುವುದು "ಬೆಳಕಿನೋನು". ಬೆರೆತದ್ದನ್ನು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುವುದು "ಬಿಡಿಸೋನು". ಗುಡ್ಡಕ್ಕೆ ನಾವು ಪೀಕ್ ಎನ್ನುತ್ತೇವೆ.

"ಮೂರು ಜನ ಸಾಕ್ಷಿ ಕಣೋ" ಎನ್ನುತ್ತಿದ್ದರು. "ಮೂವರೂ ಒಂದೇ ಮಾತು ಹೇಳಿದ್ರೆ ಬರಿ. ಒಬ್ಬನ ಮಾತು ಕೇಳಿ ಯಾರನ್ನೂ ಜೈಲಿಗೆ ಹಾಕ್ಬಾರದು. ಅದರಲ್ಲೂ ಆ ಬೆಳಕಿನೋನು ಬರೀ ಚರ್ಮ ನೋಡಿ ಮಾತಾಡ್ತಾನೆ, ಒಳಗೇನಿದೆ ಅವನಿಗೆ ಗೊತ್ತಿಲ್ಲ."

ಅವರ ಕಾಲಿಗೆ ಚಕ್ರ ಕಟ್ಟಿದ್ದರು ಎಂದೇ ನಾವು ಆಡಿಕೊಳ್ಳುತ್ತಿದ್ದೆವು. ಊಟ ನಿಂತೇ. ಕಿಟಕಿಯ ಪಕ್ಕ ಡಬ್ಬಿ ಇಟ್ಟುಕೊಂಡು ಎರಡು ತುತ್ತು ಚಿತ್ರಾನ್ನ, ಆಮೇಲೆ ಚಮಚ ಹಿಡಿದುಕೊಂಡೇ ಸಿಲಿಂಡರ್ ಕೋಣೆಗೆ ಹೋಗಿ ಒತ್ತಡದ ಮುಳ್ಳು ನೋಡಿ ಬಂದು ಇನ್ನೆರಡು ತುತ್ತು. ಲಿಫ್ಟಿಗೆ ಕಾಯುವುದಿಲ್ಲ. ಫೋನಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಮಾತಿಲ್ಲ. "ಆಯ್ತು, ಇಡ್ತೀನಿ" ಎನ್ನುವ ಹೊತ್ತಿಗೆ ಇಟ್ಟೇ ಆಗಿರುತ್ತಿತ್ತು. ಲ್ಯಾಬಿನಲ್ಲಿ ಅವರದೆಂದು ಒಂದು ಎತ್ತರದ ಸ್ಟೂಲ್ ಇತ್ತು. ಅದರ ಮೇಲೆ ಯಾವಾಗಲೂ ಫೈಲುಗಳೇ ಕೂತಿರುತ್ತಿದ್ದವು.

ಇಂಥವರು ಯಂತ್ರದ ವಿಷಯದಲ್ಲಿ ಮಾತ್ರ ಅವಸರ ಸಹಿಸುತ್ತಿರಲಿಲ್ಲ. ಬಿಡಿಸುವ ಯಂತ್ರವನ್ನು ಬೆಳಿಗ್ಗೆ ಶುರು ಮಾಡಿದರೆ ಪರದೆಯ ಮೇಲಿನ ಗೆರೆ ಮೊದಲು ಏಳುತ್ತ ಬೀಳುತ್ತ ಇರುತ್ತದೆ. ಅದು ನೆಟ್ಟಗೆ ಮಲಗುವ ತನಕ ಮಾಲು ಹಾಕುವಂತಿಲ್ಲ. ಹಾಕಿದರೆ ಯಾವುದು ಪೀಕ್, ಯಾವುದು ಗೆರೆಯ ನಡುಕ ಎಂದು ಗೊತ್ತಾಗುವುದಿಲ್ಲ. ನಾನು ಸಿರಿಂಜ್ ಹಿಡಿದು ಚಡಪಡಿಸುತ್ತಿದ್ದರೆ ಹಿಂದಿನಿಂದ ಅವರ ದನಿ ಬರುತ್ತಿತ್ತು.

"ಗೆರೆ ಕೂತ್ಕೊಳ್ಳಲಿ."

"ಕೂತಿದೆ ಮೇಡಂ."

"ಇಲ್ಲ. ಕೂತಿರೋ ಹಾಗೆ ನಾಟಕ ಮಾಡ್ತಿದೆ. ಕಾಯಿ."

ಹಾಗೆಂದು ಹೇಳಿ ತಾವು ಮಾತ್ರ ಕೋಣೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದರು. ಕಾಯಿಸುವುದು ಗೊತ್ತಿತ್ತು ಅವರಿಗೆ, ಕಾಯುವುದು ಗೊತ್ತಿರಲಿಲ್ಲ ಎಂದು ನಾನು ಬಹಳ ಕಾಲ ತಿಳಿದುಕೊಂಡಿದ್ದೆ.

ಇನ್ನೂ ಕೆಲವು ಕಟ್ಟಳೆಗಳಿದ್ದವು. ಅನುಮಾನ ಇದ್ದದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು, ಒಪ್ಪಿಕೊಂಡದ್ದನ್ನು ಪೆನ್ನಿನಲ್ಲಿ. ಪೆನ್ನಿನಲ್ಲಿ ಬರೆದದ್ದರ ಪಕ್ಕ ಸಹಿ, ತಾರೀಖು. ಮರೆತು ಮರುದಿನ ಸಹಿ ಹಾಕಿದರೆ ಮರುದಿನದ್ದೇ ತಾರೀಖು. "ಹಿಂದಿನ ತಾರೀಖು ಹಾಕೋನು ಕಳ್ಳ" ಎಂದು ನನ್ನ ಕೈಯಿಂದ ಒಂದು ಪುಟವನ್ನು ಹರಿದು ಹಾಕಿಸಿದ್ದರು. ಮತ್ತೆ, ಮಾಲನ್ನು ಬರಿಗೈಯಲ್ಲಿ ಮುಟ್ಟಬಾರದು, ಚಿಮಟದಲ್ಲೇ ಹಿಡಿಯಬೇಕು. ಈ ಒಂದನ್ನು ಅವರೇ ಮುರಿಯುತ್ತಿದ್ದರು. ರಬ್ಬರ್ ಬಂತೆಂದರೆ ಮೊದಲು ಬೆರಳಲ್ಲಿ ಬಗ್ಗಿಸಿ, ಹಿಚುಕಿ ನೋಡದಿದ್ದರೆ ಅವರಿಗೆ ಸಮಾಧಾನ ಇರುತ್ತಿರಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ನೀವು ಮುಟ್ಟಬೇಡಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿ ಸಾಕು" ಎನ್ನುತ್ತಿದ್ದರು.

ಕಣ್ಣಿಗೆ ಬಿಟ್ಟುಕೊಳ್ಳುವುದು ಹಾಗಿರಲಿ, ತಲೆಗೆ ಹಚ್ಚಿದ್ದೇ ನಮಗೆ ಮುಳುವಾಯಿತು.

ನಾನು ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳಿಗೆ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗಬೇಕು. ಲ್ಯಾಬಿನ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಜಾಗ ಮೇಡಂಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಜೂನ್ ತಿಂಗಳು, ಲ್ಯಾಬಿನ ಏಸಿ ಕೆಟ್ಟಿತ್ತು. ಆಗ ರೇಡಿಯೇಟರ್‌ಗಳಿಗೆ ಹಾಕುವ ರಬ್ಬರ್ ಗ್ಯಾಸ್ಕೆಟ್ ಒಡೆದು ನೀರು ಸೋರುತ್ತಿದೆ ಎಂದು ದೂರು ಬಂತು. ಆ ಗ್ಯಾಸ್ಕೆಟ್ ಮಾಡಿಕೊಡುತ್ತಿದ್ದವರು ಘಾಜಿಯಾಬಾದಿನ ಒಬ್ಬ ವಯಸ್ಸಾದ ಸರ್ದಾರ್ಜಿ. ಹದಿನೈದು ಇಪ್ಪತ್ತು ಜನ ಕೆಲಸದವರ ಸಣ್ಣ ಕಾರ್ಖಾನೆ, ನಮ್ಮ ಕಂಪನಿಯ ಆರ್ಡರನ್ನೇ ನಂಬಿಕೊಂಡದ್ದು. ರಬ್ಬರಿನಲ್ಲಿ ಅಗ್ಗದ ಎಣ್ಣೆ ಕಲಬೆರಕೆ ಮಾಡಿದ್ದಾನೆ, ಸಂಜೆಯೊಳಗೆ ರಿಪೋರ್ಟ್ ಕೊಡಿ ಎಂದು ಮ್ಯಾನೇಜರ್ ಹೇಳಿ ಕಳಿಸಿದರು. ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕಳಿಸುವ ಜಾತಿಯ ಮ್ಯಾನೇಜರ್.

ಮೇಡಂ ಅಭ್ಯಾಸದಂತೆ ಗ್ಯಾಸ್ಕೆಟನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ನನ್ನ ಕೈಗೆ ಕೊಟ್ಟು ಮಧ್ಯಾಹ್ನ ಮಗಳ ಕಾಲೇಜ್ ಅಡ್ಮಿಷನ್ನಿಗೆಂದು ಹೋದರು. ಸೆಖೆಗೆ ಕೈಗವಸು ಹಾಕಿಕೊಂಡರೆ ಬೆರಳೆಲ್ಲ ಬೆವರಿ ಒದ್ದೆಯಾಗುತ್ತಿತ್ತು. ತೆಗೆದಿಟ್ಟೆ. ಬೆಳಕಿನ ಯಂತ್ರದಲ್ಲಿ ಗ್ಯಾಸ್ಕೆಟಿನ ಮೇಲ್ಮೈ ನೋಡಿದೆ. ಆ ರಬ್ಬರಿನಲ್ಲಿ ಇರಲೇಬಾರದ ಒಂದು ಪೀಕ್ ಎದ್ದು ನಿಂತಿತ್ತು, ಅಡುಗೆ ಎಣ್ಣೆಗಳು ಕೊಡುವಂಥದ್ದು. ನನಗೆ ಎಷ್ಟು ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಸುಡುವ ಯಂತ್ರ, ಮಾಲಿನಲ್ಲಿ ಹೆಚ್ಚಿನ ಎಣ್ಣೆ ಇಲ್ಲ, ಎಲ್ಲ ಲೆಕ್ಕದಷ್ಟೇ ಇದೆ ಎಂದು ಹೇಳಿತ್ತು. ಅದು ಹಳೇ ಯಂತ್ರ ಎಂದುಕೊಂಡೆ. 'ಸಸ್ಯಜನ್ಯ ಎಣ್ಣೆಯ ಕಲಬೆರಕೆ ಕಂಡುಬಂದಿದೆ' ಎಂದು ಟೈಪ್ ಮಾಡಿದೆ. ಸಂಜೆ ಮೇಡಂ ಓಡಿಬಂದು, ಬಸ್ಸು ಹೊರಡುವ ಗಡಿಬಿಡಿಯಲ್ಲಿ, ನಿಂತುಕೊಂಡೇ, ನನ್ನನ್ನು ನಂಬಿ ಸಹಿ ಹಾಕಿದರು. ಅವರ ತಪ್ಪು ಅಷ್ಟೇ, ಅದು ಸಣ್ಣದಲ್ಲ ಎಂದು ಆಮೇಲೆ ಅವರೇ ಹೇಳಿದರು.

ಬಸ್ಸು ಗುರ್‌ಗಾಂವ್ ದಾಟುವಾಗ ಅವರು ಸೀಟಿನಿಂದ ಎದ್ದು ನಿಂತರು.

"ಯಾವ ಎಣ್ಣೆ ಅಂತ ಬರೀಲಿಲ್ಲ ಅಲ್ವೇನೋ ನೀನು?"

"ಸಸ್ಯಜನ್ಯ ಅಂತ ಬರೆದಿದೀನಿ ಮೇಡಂ."

"ಯಾವ ಸಸ್ಯ?"

ಧೌಲಾ ಕುವಾಂ ಬರುವ ತನಕ ಅವರು ನಿಂತೇ ಇದ್ದರು. ಬೆಳಿಗ್ಗೆ ಅವರು ಕಂಪನಿಯ ಬಸ್ಸಿಗೆ ಕಾಯದೆ ಮೊದಲೇ ಹೋಗಿದ್ದರು. ನಾನು ಹೋಗುವುದರೊಳಗೆ ಗ್ಯಾಸ್ಕೆಟನ್ನು ಬ್ಲೇಡಿನಿಂದ ಸೀಳಿ ಒಳಭಾಗವನ್ನು ನೋಡಿಯಾಗಿತ್ತು. ಒಳಗೆ ಎಣ್ಣೆಯ ಸುಳಿವೇ ಇಲ್ಲ. ಅದೇ ಬ್ಯಾಚಿನ ಇನ್ನೊಂದು ಹೊಸ ಗ್ಯಾಸ್ಕೆಟನ್ನು ಚಿಮಟದಲ್ಲೇ ಹಿಡಿದು ನೋಡಿದರೆ ಹೊರಗೂ ಇಲ್ಲ. ಎಣ್ಣೆ ಇದ್ದದ್ದು ನಾನು ನೋಡಿದ ಆ ಒಂದರ ಚರ್ಮದ ಮೇಲೆ ಮಾತ್ರ. "ಅಂದ್ರೆ ಮಾಡಿದವನು ಹಾಕಿದ್ದಲ್ಲ, ಮುಟ್ಟಿದವರು ಹಚ್ಚಿದ್ದು" ಎಂದರು. ಅದರ ಮೇಲ್ಮೈಯನ್ನು ದ್ರಾವಕದಲ್ಲಿ ತೊಳೆದು, ಆ ತೊಳೆದ ದ್ರಾವಕವನ್ನು ಹದಮಾಡಿ ಬಿಡಿಸುವ ಯಂತ್ರಕ್ಕೆ ಹಾಕಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಪ್ರಿಂಟರಿನಿಂದ ಕಾಗದ ಬಂತು. ಪ್ರತಿಯೊಂದು ಎಣ್ಣೆಗೂ ತನ್ನದೇ ಪೀಕುಗಳ ಸಾಲು ಇರುತ್ತದೆ, ಅದು ಅದರ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ.

"ಸಾಸಿವೆ ಅಲ್ಲ, ಸೋಯಾ ಅಲ್ಲ" ಎಂದು ಬೆರಳಿಟ್ಟು ತೋರಿಸಿದರು. "ಘಾಜಿಯಾಬಾದ್‌ನಲ್ಲಿ ಕೂತ್ಕೊಂಡು ರಬ್ಬರಿಗೆ ಇದನ್ನ ಹಾಕೋನು ಹುಚ್ಚನೇ ಇರಬೇಕು. ತೆಂಗಿನೆಣ್ಣೆ ಕಣೋ ಇದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ತಲೆಗೆ ಹೋಯಿತು. ಅರ್ಧದಲ್ಲಿ ಕೆಳಗಿಳಿಸಿದೆ.

"ಈ ಲ್ಯಾಬಲ್ಲಿ ತೆಂಗಿನೆಣ್ಣೆ ಹಚ್ಚೋರು ಇಬ್ಬರೇ" ಎಂದರು ಮೇಡಂ.

"ಇಬ್ಬರೂ ಮುಟ್ಟಿದ್ವಲ್ಲ ಮೇಡಂ. ಯಾರದ್ದು ಅಂತ ಹೇಗೆ ಗೊತ್ತಾಗತ್ತೆ?"

ಇದು ನನ್ನ ಬಾಯಿಂದ ಎಷ್ಟು ಬೇಗ ಬಂತೆಂದರೆ ಈಗಲೂ ಅದನ್ನು ನೆನೆದರೆ ಎದ್ದು ಓಡಾಡಬೇಕು ಅನ್ನಿಸುತ್ತದೆ. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಡತುದಿಯಲ್ಲಿ, ದೊಡ್ಡ ಪೀಕುಗಳು ಶುರುವಾಗುವುದಕ್ಕೆ ಬಹಳ ಮುಂಚೆ, ಒಂದು ಸಣ್ಣ ಪೀಕ್ ಇತ್ತು, ಸಾಸಿವೆ ಕಾಳಿನಷ್ಟು. "ಅದು ದ್ರಾವಕದ್ದಿರಬೇಕು" ಎಂದೆ ನಾನು.

"ಇರಬಹುದು" ಎಂದರು.

'ಇರಬಹುದು' ಎನ್ನುವ ಮಾತನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಇರಬಹುದು ಅಂದರೆ ಇನ್ನೊಂದು ಸಲ ಮಾಡಿ ನೋಡು ಎಂದು ಯಂತ್ರದ ಮುಂದೆ ನಿಲ್ಲಿಸುವವರು. ಅವತ್ತು ಹಾಗೆ ಮಾಡಲಿಲ್ಲ. ಸ್ಟೂಲಿನ ಮೇಲಿದ್ದ ಫೈಲುಗಳನ್ನು ಎತ್ತಿ ಕೆಳಗಿಟ್ಟರು. ಸೆರಗಿನಿಂದ ಧೂಳು ಒರೆಸಿದರು. ಕುಳಿತರು.

ನಾನು ಮೊದಲ ಸಲ ನೋಡಿದ್ದು ಅದು.

"ಏನಾದ್ರೂ ಹೇಳೋದಿದೆಯೇನೋ ತಿಪಟೂರು?"

"ಇಲ್ಲ ಮೇಡಂ."

ಅವರು ಏಳಲಿಲ್ಲ. ಎರಡು ಕೈ ತೊಡೆಯ ಮೇಲಿಟ್ಟುಕೊಂಡು, ಪಾದಗಳನ್ನು ಸ್ಟೂಲಿನ ಅಡ್ಡಪಟ್ಟಿಯ ಮೇಲಿಟ್ಟು, ಪರದೆಯ ಗೆರೆ ನೋಡುತ್ತ ಹತ್ತು ನಿಮಿಷ, ಹದಿನೈದು ನಿಮಿಷ. ನಾನು ಸೀಸೆಗಳನ್ನು ಒರೆಸಿದ್ದನ್ನೇ ಒರೆಸಿದೆ. ಕೊನೆಗೆ ಅವರು ಎದ್ದು, ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದರು.

ಮಧ್ಯಾಹ್ನ ಮ್ಯಾನೇಜರ್‌ಗೆ ಪತ್ರ ಹೋಯಿತು. ರಿಪೋರ್ಟ್ ತಪ್ಪು, ವಾಪಸ್ ಪಡೆಯುತ್ತಿದ್ದೇವೆ. ಕಾರಣ ಎನ್ನುವ ಕಡೆ ಪೆನ್ನಿನಲ್ಲಿ, ಅವರ ಗುಂಡು ಅಕ್ಷರದಲ್ಲಿ ಹೀಗಿತ್ತು: 'ಮಾಲನ್ನು ನಾನು ಬರಿಗೈಯಲ್ಲಿ ಮುಟ್ಟಿದ್ದರಿಂದ ನನ್ನ ತಲೆಯೆಣ್ಣೆ ತಗುಲಿದೆ.' ಸಹಿ, ತಾರೀಖು. ಸರ್ದಾರ್ಜಿಗೆ ಆರ್ಡರ್ ರದ್ದಾದ ಪತ್ರ ಆಗಲೇ ಹೋಗಿಬಿಟ್ಟಿದ್ದರಿಂದ ಮ್ಯಾನೇಜರ್ ಕೂಗಾಡಿದ್ದು ಕಾರಿಡಾರಿನ ತನಕ ಕೇಳಿಸಿತು. ತಲೆಯೆಣ್ಣೆ ಮೇಡಂ ಎಂದು ಕ್ಯಾಂಟೀನಿನಲ್ಲಿ ನಗಾಡಿದರು. ಇಪ್ಪತ್ತು ವರ್ಷದ ಹೆಸರು ಒಂದು ವಾರದಲ್ಲಿ ನಗೆಪಾಟಲಾಯಿತು. ಮುಖ್ಯಸ್ಥರ ಜಾಗಕ್ಕೆ ಬೇರೆ ಕಾರ್ಖಾನೆಯಿಂದ ಯಾರನ್ನೋ ತಂದು ಕೂರಿಸಿದರು. ನನ್ನ ಕೆಲಸ ಕಾಯಂ ಆಯಿತು.

ನಾನು ಏನೆಂದು ಸಮಾಧಾನ ಹೇಳಿಕೊಂಡೆ ಎಂದರೆ, ಅವರೂ ಮುಟ್ಟಿದ್ದರಲ್ಲ. ಅವರದೇ ಇದ್ದರೂ ಇರಬಹುದು. ಅರ್ಧ ಪಾಲಾದರೂ ಅವರದು. ಯಾರಿಗೂ ಗೊತ್ತಾಗುವ ಹಾಗಿಲ್ಲ ಎಂದು ಅವರೇ ಹೇಳಿದ್ದಾರೆ. ನಿಜ ಹೇಳಬೇಕೆಂದರೆ ಅವರು ಹಾಗೆ ಹೇಳಿರಲೇ ಇಲ್ಲ, ಅದು ನಾನು ಕೇಳಿದ ಪ್ರಶ್ನೆ.

ಆ ಶನಿವಾರ, "ನಡಿ, ಘಾಜಿಯಾಬಾದ್‌ಗೆ ಹೋಗಿ ಬರೋಣ" ಎಂದರು. ಕಂಪನಿ ಇನ್ನೊಂದು ಪತ್ರ ಬರೆಯುತ್ತದಲ್ಲ ಮೇಡಂ ಎಂದೆ. "ತಪ್ಪು ಕಂಪನಿ ಮಾಡಿದ್ದಲ್ಲ" ಎಂದರು. ಎರಡು ಬಸ್ಸು ಬದಲಿಸಿ, ಆನಂದ್ ವಿಹಾರದಿಂದ ಹಂಚಿಕೊಂಡು ಹೋಗುವ ಆಟೋದಲ್ಲಿ ಒತ್ತರಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಬ್ಯಾಗಿನ ಜಿಪ್ಪು ಎಳೆಯುವುದು, ಬಿಡುವುದು. ಕಾರ್ಖಾನೆಯ ಮುಂದೆ ಕೆಲಸದವರು ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಒಳಗಿನಿಂದ ಯಂತ್ರದ ಸದ್ದು ಬರುತ್ತಿರಲಿಲ್ಲ. ಆ ಸದ್ದಿಲ್ಲದ ಶೆಡ್ಡು ನೋಡಿದಾಗ ನಾನು ಟೈಪ್ ಮಾಡಿದ ಒಂದು ಸಾಲು ಏನು ಮಾಡಿತ್ತು ಎಂದು ನನಗೆ ತಿಳಿಯಿತು.

ಮೇಡಂ ಸರ್ದಾರ್ಜಿಯ ಮುಂದೆ ನಿಂತು, ತಪ್ಪು ನಮ್ಮದು, ನಿಮ್ಮ ರಬ್ಬರ್ ಶುದ್ಧವಾಗಿದೆ, ಸೋಮವಾರದ ಹೊತ್ತಿಗೆ ಪತ್ರ ಬರುತ್ತದೆ, ಅದಕ್ಕೆ ಮೊದಲು ನಮ್ಮ ಬಾಯಿಂದ ಹೇಳಬೇಕಿತ್ತು ಎಂದು ಹಿಂದಿಯಲ್ಲಿ ಹೇಳಿದರು. ಏನಾಯಿತು ಎಂದು ತೆಂಗಿನೆಣ್ಣೆಯ ಕಥೆಯನ್ನೂ ಮುಚ್ಚಿಡದೆ ಹೇಳಿದರು.

"ನಾರಿಯಲ್ ಕಾ ತೇಲ್?" ಸರ್ದಾರ್ಜಿ ನಂಬದವರ ಹಾಗೆ ಕೇಳಿದರು. "ಮೇರೀ ರಬಡ್ ಮೇಂ, ನಾರಿಯಲ್ ಕಾ ತೇಲ್?" ಎಂದು ದೊಡ್ಡದಾಗಿ ನಕ್ಕರು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಳ್ಳತೊಡಗಿದರು. ಆಮೇಲೆ ಹೊರಗೆ ಕೂತವರಿಗೆ, "ಚಾಲೂ ಕರೋ ಓಯೇ!" ಎಂದು ಕೂಗಿದರು. ಒಂದೊಂದೇ ಯಂತ್ರ ಸದ್ದು ಮಾಡಲು ಶುರುವಾಯಿತು.

"ಬೈಠಿಯೇ ತೋ ಸಹೀ, ಮೇಡಂಜೀ" ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದರು.

ಮೇಡಂ ಕುಳಿತರು. ಬೆನ್ನು ಒರಗಿಸಿ, ಕಾಲು ಚಾಚಿ, ಬ್ಯಾಗನ್ನು ನೆಲದ ಮೇಲಿಟ್ಟು ಕುಳಿತರು. ಒಂದು ಲೋಟ ಚಹಾ ಪೂರ್ತಿ ಕುಡಿದು ಇನ್ನೊಂದು ಕೇಳಿದರು. ಎರಡನೆಯ ಸಲ ಎಂದರೆ ಅದೇ. ಆಮೇಲೆ ನನ್ನ ಕಡೆ ಕೈ ತೋರಿಸಿ ಸರ್ದಾರ್ಜಿಗೆ ಹೇಳಿದರು: "ಇವನು ನಮ್ಮ ಹುಡುಗ. ಮರುಪರೀಕ್ಷೆ ಮಾಡುವಾಗ ಪೂರ್ತಿ ನನ್ನ ಜೊತೆಗೇ ನಿಂತಿದ್ದ." ಸರ್ದಾರ್ಜಿ ನನ್ನ ಬೆನ್ನು ತಟ್ಟಿ ಮಠರಿ ಎನ್ನುವ ಕರಿದ ತಿಂಡಿಯ ತಟ್ಟೆ ಮುಂದೆ ಹಿಡಿದರು. ನಾನು ತಿಂದೆ. ಅದರ ರುಚಿ ಉಪ್ಪೋ ಖಾರವೋ ನನಗೆ ನೆನಪಿಲ್ಲ, ತಿಂದದ್ದು ಮಾತ್ರ ನೆನಪಿದೆ.

ಗ್ಯಾಸ್ಕೆಟ್ ಒಡೆಯುತ್ತಿದ್ದದ್ದು ನಮ್ಮದೇ ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಅತಿಯಾಗಿ ಬಿಗಿಯುತ್ತಿದ್ದುದರಿಂದ ಎಂದು ಮುಂದಿನ ತಿಂಗಳು ಗೊತ್ತಾಯಿತು.

ಒಂದು ವರ್ಷ ಕಳೆದು ನಾನು ಗ್ರೇಟರ್ ನೋಯ್ಡಾದ ಬೇರೆ ಕಂಪನಿಗೆ ಹೋದೆ. ಅಷ್ಟರಲ್ಲಿ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದೆ. ಅಮ್ಮ ಕಳಿಸಿದ ಬಾಟಲಿಗಳು ಮುನಿರ್ಕಾದ ಕೋಣೆಯ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ದಿಲ್ಲಿಗೆ ಹೋಗಿ ಎಣ್ಣೆ ವಾಸನೆ ಹಿಡಿಸದಷ್ಟು ದೊಡ್ಡ ಮನುಷ್ಯನಾದ ಎಂದು ಅಮ್ಮ ಬೇಜಾರು ಮಾಡಿಕೊಂಡಳು.

ಯುಗಾದಿಗೆ, ದೀಪಾವಳಿಗೆ ಮೇಡಂಗೆ ಫೋನ್ ಮಾಡುತ್ತಿದ್ದೆ. ಅರ್ಧ ನಿಮಿಷದಲ್ಲಿ ಕ್ಷೇಮಸಮಾಚಾರ ಮುಗಿಯುತ್ತಿತ್ತು. ಆಮೇಲೆ, "ಮತ್ತೇನೋ ವಿಶೇಷ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಫೋನ್ ಇಡುತ್ತಿರಲಿಲ್ಲ. ಆ ಕಡೆಯಿಂದ ಮನೆಯ ಫ್ಯಾನ್ ತಿರುಗುವುದು, ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. "ಏನಿಲ್ಲ ಮೇಡಂ" ಎಂದು ನಾನೇ ಇಡುತ್ತಿದ್ದೆ. ವಯಸ್ಸಾಯಿತು, ನಿಧಾನವಾಗಿದ್ದಾರೆ ಎಂದುಕೊಂಡೆ. ಐದು ವರ್ಷದಲ್ಲಿ ಹತ್ತು ಸಲವಾದರೂ ಹಾಗೆ ಅಂದುಕೊಂಡಿದ್ದೇನೆ.

ಅವರ ವೈಕುಂಠ ಸಮಾರಾಧನೆಯ ದಿನ ಮನೆಗೆ ಹೋಗಿದ್ದೆ. ಗಂಡ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಘಾಜಿಯಾಬಾದಿನಲ್ಲೇ ಫ್ಲಾಟ್ ತೆಗೆದುಕೊಂಡಿದ್ದರು. ಎಲೆ ಎತ್ತಿದ ಮೇಲೆ ಮಗಳು ಬಂದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಆವತ್ತು ಅಡ್ಮಿಷನ್ನಿಗೆ ಹೋದ ಹುಡುಗಿ ಇವಳೇ.

"ಆಪ್ ಹೀ ತಿಪಟೂರು ಭಯ್ಯಾ ನಾ?" ಎಂದಳು. ಕೈಯಲ್ಲಿ ಒಂದು ತೆಳು ಫೈಲ್ ಇತ್ತು. ಮೇಲೆ ಗುಂಡು ಅಕ್ಷರದಲ್ಲಿ 'ತಿಪಟೂರು' ಎಂದು ಬರೆದಿತ್ತು. "ಮಮ್ಮಿ ಇದನ್ನ ಇಟ್ಟಿದ್ರು. ಅವನು ಬಂದು ಕೇಳಿದ್ರೆ ಮಾತ್ರ ಕೊಡು ಅಂತ ಬೋಲಿ ಥೀಂ. ನೀವು ಕೇಳ್ಲೇ ಇಲ್ಲ. ಈಗ ನಾನು ಇಟ್ಕೊಂಡು ಕ್ಯಾ ಕರೂಂ? ಅದಕ್ಕೇ ಕೊಡ್ತಿದೀನಿ."

ಮನೆಗೆ ಬಂದು ತೆಗೆದು ನೋಡಿದೆ. ಎರಡೇ ಕಾಗದ. ಒಂದು ಅವತ್ತಿನದು, ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರಲ್ಲ, ಅದು. ಇನ್ನೊಂದು ಮರುದಿನದ್ದು. ನಾನು ನೋಡದ ಹೊತ್ತಿನಲ್ಲಿ ಅವರು ಇನ್ನೊಂದು ಪರೀಕ್ಷೆ ಮಾಡಿದ್ದರು. ಅದರಲ್ಲಿ ಇದ್ದದ್ದು ಒಂದೇ ಪೀಕ್. ಎರಡು ಕಾಗದವನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಸಾಸಿವೆ ಕಾಳಿನಷ್ಟು ಇದ್ದ ಆ ಸಣ್ಣ ಪೀಕ್, ಈ ಪೀಕಿನ ಕೆಳಗೆ ಸರಿಯಾಗಿ ಹೋಗಿ ಕೂತಿತು. ಎರಡನೆಯ ಕಾಗದದ ತಲೆಯ ಮೇಲೆ ಮಾಲಿನ ಹೆಸರು ಪೆನ್ನಿನಲ್ಲಿ ಬರೆದಿತ್ತು: 'ಕರ್ಪೂರ, ಪೂಜಾ ಪ್ಯಾಕೆಟ್.'

ಅವರ ಬಾಟಲಿ ಎಣ್ಣೆಯಲ್ಲಿ ಕರ್ಪೂರ ಇರಲಿಲ್ಲ. ಮೊದಲ ದಿನವೇ ಬಸ್ಸಿನಲ್ಲಿ ಹೇಳಿದ್ದರು.

ಮೊದಲ ಕಾಗದದಲ್ಲಿ, ಸಣ್ಣ ಪೀಕಿನ ಪಕ್ಕ, ಪೆನ್ಸಿಲ್ಲಿನಲ್ಲಿ ಎರಡು ಸಾಲು ಇತ್ತು.

'ಕರ್ಪೂರ. ಇನ್ನು ನಾನಾಗಿ ಕೇಳಬಾರದು.

ಅವನೇ ಹೇಳಲಿ.'

ನಾನು ಬಹಳ ಹೊತ್ತು ಕೋಣೆಯಲ್ಲಿ ಓಡಾಡಿದೆ. ಲಿಫ್ಟಿಗೆ ಕಾಯದ ಹೆಂಗಸು, ಕೂತು ಊಟ ಮಾಡದ ಹೆಂಗಸು, ನನ್ನ ಒಂದು ಮಾತಿಗಾಗಿ ಅವತ್ತು ಸ್ಟೂಲು ಒರೆಸಿಕೊಂಡು ಕೂತರು. ಆಮೇಲೆ ಐದು ವರ್ಷ ಫೋನ್ ಹಿಡಿದುಕೊಂಡು ಕಾದರು. ಎಲ್ಲ ಗೊತ್ತಿದ್ದೂ ಅದನ್ನು ಪೆನ್ನಿನಲ್ಲಿ ಬರೆಯಲಿಲ್ಲ. ಪೆನ್ನು ನನಗೆ ಬಿಟ್ಟಿದ್ದರು.

"ಏನಾಯ್ತು ನಿಮಗೆ? ಸ್ವಲ್ಪ ಕೂತ್ಕೊಳ್ಳಿ" ಎಂದಳು ಹೆಂಡತಿ.

ಕೂತೆ. ಪೆನ್ನು ತೆಗೆದು, ಅವರ ಪೆನ್ಸಿಲ್ಲಿನ ಸಾಲಿನ ಕೆಳಗೆ, 'ಇದು ನನ್ನ ಎಣ್ಣೆ, ಮೇಡಂ' ಎಂದು ಬರೆದೆ. ಸಹಿ ಹಾಕಿದೆ. ತಾರೀಖು ಬರೆಯುವಾಗ ಕೈ ಒಂದು ಕ್ಷಣ ಆ ಹಳೆಯ ಜೂನ್ ತಿಂಗಳ ಕಡೆಗೆ ಹೋಯಿತು.

ಇವತ್ತಿನದೇ ಹಾಕಿದೆ.